ಎಂಟು ತಾಸು ನಲವತ್ತು ನಿಮಿಷ

ಹಸಿ ಕಲ್ಲಿನ ವಾಸನೆಯಲ್ಲಿ ಬೆಳೆದವಳು ನಾನು. ಶಹಾಬಾದಿನಲ್ಲಿ ನಮ್ಮಪ್ಪ ಕಲ್ಲು ಕೊಯ್ಯುವ ಮಷೀನಿನ ಮೇಲಿದ್ದರು. ತಿರುಗುವ ಗರಗಸ, ಅದರ ಮೇಲೆ ಸಣ್ಣಗೆ ಬೀಳುವ ನೀರು, ಪಕ್ಕದಲ್ಲಿ ಹರಿಯುವ ಬೂದು ಕೆಸರು. ಶಾಲೆ ಬಿಟ್ಟ ಮೇಲೆ ಅಲ್ಲೇ ಒಂದು ಚಪ್ಪಡಿಯ ಮೇಲೆ ಕುಳಿತು ಓದುತ್ತಿದ್ದೆ. ಮೊದಲ ಮಳೆಗೆ ನೆಲ ಬಿಡುವ ವಾಸನೆ ಬೇರೆಯವರಿಗೆ ವರ್ಷಕ್ಕೊಮ್ಮೆ ಬಂದರೆ ನಮಗೆ ದಿನಾ ಬರುತ್ತಿತ್ತು. ಪುಸ್ತಕಕ್ಕೆ, ಜಡೆಗೆ, ಒಗೆದ ಬಟ್ಟೆಗೂ ಅದು ಹತ್ತಿಕೊಂಡಿರುತ್ತಿತ್ತು.

ಆ ವಾಸನೆಯಿಂದಲೇ ಅವನು ನನ್ನನ್ನು ಮೊದಲು ಮಾತಾಡಿಸಿದ್ದು.

೧೯೮೩ನೇ ಇಸವಿ. ಕಲಬುರಗಿಯ ಕಾಲೇಜಿಗೆ ಪ್ಯಾಸೆಂಜರ್ ಗಾಡಿಯಲ್ಲಿ ಹೋಗುತ್ತಿದ್ದೆವು. ಸಂಗಮೇಶ್ವರ ಸೇಡಂನಲ್ಲಿ ಹತ್ತಿ, ಚಿತ್ತಾಪುರ, ವಾಡಿ ದಾಟಿ ಬರುವಷ್ಟರಲ್ಲಿ ಒಂದು ನಿದ್ದೆ ಮುಗಿಸಿರುತ್ತಿದ್ದ. ಅಂದು ನಾನು ಶಹಾಬಾದಿನಲ್ಲಿ ಹತ್ತಿ ಅವನ ಎದುರು ಕುಳಿತೆ. ಅವನು ಕಣ್ಣು ಮುಚ್ಚಿಕೊಂಡೇ ಕೇಳಿದ.

“ಶಹಾಬಾದಿನಾಗ ಮಳಿ ಆಗ್ಯದೇನ್ರಿ?”

“ಇಲ್ಲ.”

“ಮತ್ತ ಮಳಿ ವಾಸನಿ ಬರಲಿಕತ್ತದಲ್ಲ.”

“ಕಣ್ಣ ತೆರದು ಹೊರಗ ನೋಡ್ರಿ. ಬಿಸಲು ಸುಡಲಿಕತ್ತದ.”

ಕಣ್ಣು ತೆರೆದ. ಹೊರಗೆ ನೋಡಲಿಲ್ಲ. ನನ್ನ ಕಡೆ ನೋಡಿ, ಮತ್ತೆ ಕಣ್ಣು ಮುಚ್ಚಿ, “ನೋಡ್ದೆ” ಎಂದ. ಕಲಬುರಗಿ ಬರುವವರೆಗೂ ಅವನ ರೆಪ್ಪೆ ಅಲುಗುತ್ತಲೇ ಇತ್ತು. ನಿದ್ದೆ ಬಂದವರ ರೆಪ್ಪೆ ಹಾಗೆ ಅಲುಗುವುದಿಲ್ಲ ಎಂದು ನನಗೆ ಗೊತ್ತಿತ್ತು. ನನಗೆ ಗೊತ್ತಿದೆ ಎಂದು ಅವನಿಗೂ ಗೊತ್ತಿತ್ತು.

ಹೀಗೆ ಎರಡು ವರ್ಷ. ಆಮೇಲೆ ಅವನು ಮನೆಯಲ್ಲಿ ನನ್ನ ವಿಷಯ ಹೇಳಿದ. ಅವರದು ಲಿಂಗವಂತರ ಮನೆ. ನಾನು ಬೌದ್ಧರ ಮಗಳು, ಲುಂಬಿನಿ. ಅವನ ತಾಯಿ ವಿಮಲಾಬಾಯಿ, “ಹುಡುಗಿ ಶ್ಯಾಣ್ಯಾ ಇದ್ದಾಳಂತ, ಇರ್ಲಿ. ನಮ್ಮ ಮನಿಗಿ ಬ್ಯಾಡ” ಎಂದರಂತೆ. ಅಷ್ಟೇ ಮಾತು. ಅವನು ಆ ಮಾತನ್ನು ಮೀರಲಿಲ್ಲ. ನಾನೂ ಮೀರು ಎನ್ನಲಿಲ್ಲ. ವಾಡಿಯ ಸಿಮೆಂಟ್ ಕಾರ್ಖಾನೆಯಲ್ಲಿ ನಾಲ್ಕು ವರ್ಷ ದುಡಿದು, ಅದೇ ಕೆಲಸದ ಅನುಭವದ ಮೇಲೆ ಅವನು ಆಫ್ರಿಕದ ಜಾಂಬಿಯಾಕ್ಕೆ ಹೋದ. ಅಲ್ಲೂ ಸುಣ್ಣದ ಕಲ್ಲು, ಅಲ್ಲೂ ಸಿಮೆಂಟು. ಮದುವೆಯಾದ, ಮಗಳಾದಳು, ಹೆಂಡತಿ ತೀರಿಕೊಂಡಳು. ನಾನು ಸೇಡಂನ ಕಾಲೇಜಿನಲ್ಲಿ ಭೂಗೋಳ ಕಲಿಸಿದೆ. ಮದುವೆಯಾಗಲಿಲ್ಲ. ವಿಶೇಷ ಹಟವೇನೂ ಇರಲಿಲ್ಲ, ಆಗಲಿಲ್ಲ ಅಷ್ಟೇ.

ಬಾಡಿಗೆಗೆ ಸಿಕ್ಕ ಮನೆ ಅವರ ಓಣಿಯಲ್ಲೇ ಇತ್ತು. ಸಿಕ್ಕಿತು ಎಂದು ಎಲ್ಲರಿಗೂ ಹೇಳಿದ್ದೇನೆ. ಹುಡುಕಿದ್ದೆ.

ಅವನು ಹೋದ ಮೇಲೆ ಒಂದು ದಿನ ಕ್ಲಾಸ್ ಮುಗಿಸಿ, ಭೂಗೋಳದ ಗುಂಡಿನ ಮೇಲೆ ದಾರ ಹಿಡಿದು ಹೈದರಾಬಾದಿನಿಂದ ಲುಸಾಕಾಕ್ಕೆ ಅಳೆದಿದ್ದೆ. ಮೊಬೈಲ್ ಬಂದ ಮೇಲೆ ಅಳೆಯುವುದು ಸುಲಭವಾಯಿತು. ಎರಡು ವಿಮಾನ ನಿಲ್ದಾಣಗಳ ಹೆಸರು ಹಾಕಿದರೆ ನಕ್ಷೆಯ ಮೇಲೆ ಬಿಲ್ಲಿನಂತೆ ಒಂದು ಗೆರೆ ಬರುತ್ತಿತ್ತು. ಅದರ ಕೆಳಗೆ ಆರು ಸಾವಿರದ ಐನೂರ ಎಪ್ಪತ್ತು ಕಿಲೋಮೀಟರ್. ಹಾರಾಟದ ವೇಳೆ ಎಂಟು ತಾಸು ನಲವತ್ತು ನಿಮಿಷ.

ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೇನೋ ಇತ್ತು. ಕನ್ನಡಕ ಹಾಕಿಕೊಂಡೇ ಓದಬೇಕಾದಷ್ಟು ಸಣ್ಣದು. ನಾನು ಹಾಕಿಕೊಳ್ಳಲಿಲ್ಲ.

ಎಂಟು ತಾಸು ಎಂದರೆ ಒಂದು ರಾತ್ರಿಯ ನಿದ್ದೆ. ಮಲಗುವಾಗ ಹಾಗೆಂದುಕೊಂಡರೆ ಎದೆ ಹಗುರಾಗುತ್ತಿತ್ತು. ಇಲ್ಲಿ ನಾನು ಮಲಗಿ ಏಳುವುದರೊಳಗೆ ಅವನು ಬಂದುಬಿಡಬಹುದು. ಬರುವುದಿಲ್ಲ, ಆದರೆ ಬರಬಹುದು.

ವಿಮಲಾಬಾಯಿಗೆ ವಯಸ್ಸಾದ ಮೇಲೆ ಮಗನೊಂದಿಗೆ ವಿಡಿಯೋ ಕಾಲ್ ಹಚ್ಚಿಕೊಡಲು ನನ್ನನ್ನು ಕರೆಯತೊಡಗಿದರು. ಮೊದಲು ಅವರ ಮಗಳು ಭುವನೇಶ್ವರಿ ಬಂದು ಕರೆಯುತ್ತಿದ್ದಳು, ಆಮೇಲೆ ಕರೆಯುವ ಅಗತ್ಯವೇ ಉಳಿಯಲಿಲ್ಲ. ಗಂಡ ತೀರಿದ ಮೇಲೆ ಭುವನೇಶ್ವರಿ ತವರಲ್ಲೇ ಇದ್ದಳು. ಹಳೆಯ ಮಾತನ್ನು ಆ ಮನೆಯಲ್ಲಿ ಯಾರೂ ಎತ್ತಲಿಲ್ಲ. ಒಮ್ಮೆ ಚಳಿಗಾಲದಲ್ಲಿ ಮಂಚದ ಪಕ್ಕ ಕುಳಿತಿದ್ದಾಗ ಮುದುಕಿ ತನ್ನ ಚಾದರದ ಅಂಚನ್ನು ಎಳೆದು ನನ್ನ ಕಾಲಿನ ಮೇಲೆ ಹೊದಿಸಿದರು. ಮುಖ ಗೋಡೆಯ ಕಡೆಗಿತ್ತು.

“ಎಷ್ಟು ದೂರ ಅದಾನವ್ವ ಅವ?” ಎಂದು ಕೇಳುತ್ತಿದ್ದರು.

“ಎಂಟು ತಾಸು ನಲವತ್ತು ನಿಮಿಷ, ಅವ್ವ.”

“ಹಂಗಾದ್ರ ದೂರೇನಿಲ್ಲ ಬಿಡು.”

ವಾರಕ್ಕೊಮ್ಮೆ ಇದೇ ಪ್ರಶ್ನೆ, ಇದೇ ಉತ್ತರ. ಇಬ್ಬರಿಗೂ ಅದು ಔಷಧಿಯಂತೆ.

ಅವ್ವ ನಿದ್ದೆಹೋದ ಮೇಲೂ ಅವನು ಫೋನು ಇಡುತ್ತಿರಲಿಲ್ಲ. ಫೆಬ್ರವರಿಯಲ್ಲಿ ಒಂದು ಸಂಜೆ ಹೀಗಾಯಿತು.

“ಜೂನಿನಾಗ ಕೆಲಸ ಬಿಡ್ತೀನಿ. ಸೇಡಂಗ ಬರ್ತೀನಿ.”

“ಬಾ. ಬಿಸಲು ಕಾಯಲಿಕತ್ತದ ನಿನಗ.”

“ನೀ ಇರ್ತಿ ಅಲ್ಲ?”

“ನಾ ಎಲ್ಲಿಗಿ ಹೋಗ್ಲಿ? ಮುಂದಿನ ಮನ್ಯಾಗೇ ಇರ್ತೀನಿ.”

“ಲುಂಬಿನಿ, ನಾ ಕೇಳಿದ್ದು ಮನಿ ಯಾವದಂತ ಅಲ್ಲ. ಉಳದಷ್ಟು ದಿನ ಜೋಡಿ ಇರೋಣೇನು ಅಂತ ಕೇಳಲಿಕತ್ತೀನಿ.”

ಪರದೆಯ ಮೇಲೆ ಅವನ ತಲೆ ಪೂರ್ತಿ ಬೆಳ್ಳಗಾಗಿತ್ತು. ರೆಪ್ಪೆ ಮಾತ್ರ ಅದೇ. “ಅವ್ವ ಎದ್ದ್ರು” ಎಂದು ಸುಳ್ಳು ಹೇಳಿ ಫೋನಿಟ್ಟೆ. ಹೌದು ಎನ್ನಬೇಕೆಂದಿದ್ದೆ. ಅರವತ್ತೆರಡರ ಹೆಂಗಸು ಹೌದು ಎನ್ನಲು ಯಾವ ಮುಖ ಮಾಡಿಕೊಳ್ಳಬೇಕು ಎಂಬುದು ತಿಳಿಯಲಿಲ್ಲ. ಬಂದಾಗ ಎದುರಿಗೇ ಹೇಳಿದರಾಯಿತು ಎಂದುಕೊಂಡೆ.

ಏಪ್ರಿಲ್‌ನಲ್ಲಿ, ಒಂದು ಗುರುವಾರ ಸಂಜೆ ಐದಕ್ಕೆ ವಿಮಲಾಬಾಯಿ ಹೋದರು. ಭುವನೇಶ್ವರಿ ಅಣ್ಣನಿಗೆ ಫೋನ್ ಮಾಡಿದಳು. ಅವನು ಹೇಳಿದ್ದು ಎರಡೇ ಮಾತು: “ರಾತ್ರಿ ಒಂಬತ್ತರ ವಿಮಾನಕ್ಕ ಸೀಟ್ ಸಿಕ್ಕದ. ನಾ ಬರೂತನಕ ಅವ್ವನ್ನ ಇಡ್ರಿ.” ಅವನಿರುವ ಕಾರ್ಖಾನೆಯಿಂದ ಲುಸಾಕಾಕ್ಕೆ ಐದು ತಾಸಿನ ಕಾಡುದಾರಿ. ಆಮೇಲೆ ಫೋನು ಹತ್ತಲಿಲ್ಲ.

ಇಡುವುದು ಹೇಗೆ ಎಂಬುದೇ ಪ್ರಶ್ನೆಯಾಯಿತು. ಅವರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸುತ್ತಾರೆ. ಪದ್ಮಾಸನ ಹಾಕಿಸಿ, ಕೈಯಲ್ಲಿ ಲಿಂಗ ಇಟ್ಟು, ಕೂತಂತೆಯೇ ಮಣ್ಣು ಮಾಡುತ್ತಾರೆ. ಮೈ ಬಿಗಿಯುವುದರೊಳಗೆ, ಎರಡು ಮೂರು ತಾಸಿನಲ್ಲಿ ಕೂರಿಸಿಬಿಡಬೇಕು. ಕೂರಿಸಿದ ಮೇಲೆ ನಮ್ಮ ಬಿಸಿಲಲ್ಲಿ ಮರುದಿನ ಹೊತ್ತು ಮುಳುಗುವುದನ್ನು ಮೀರಿ ಇಡಲಾಗದು. ಇನ್ನೊಂದು ದಾರಿ ಕಲಬುರಗಿಯಿಂದ ಫ್ರೀಜರ್ ಪೆಟ್ಟಿಗೆ ತರಿಸುವುದು. ಅದರಲ್ಲಿ ಎರಡು ದಿನ ಇಡಬಹುದು. ಆದರೆ ಮಲಗಿಸಿಯೇ ಇಡಬೇಕು, ಆಮೇಲೆ ಕೂರಿಸಲು ಮೈ ಮಣಿಯುವುದಿಲ್ಲ.

ಸೂಗಪ್ಪ ಕಾಕಾ ಹಿರಿಯರು, ವಿಮಲಾಬಾಯಿಯ ಮೈದುನ. ಬಹಳ ಹೊತ್ತು ಯೋಚಿಸಿ, “ಮಗ ಮಾರಿ ನೋಡೋದು ದೊಡ್ಡದು. ಶಾಸ್ತ್ರ ಒಂದೀಟು ಹೆಚ್ಚುಕಮ್ಮಿ ಆಗ್ಲಿ. ಪೆಟಗಿ ತರಸೋಣು” ಎಂದರು. ಓಣಿಯ ಟ್ಯಾಕ್ಸಿಯ ಚಾಂದ್ ಆಗಲೇ ಗಾಡಿ ತಿರುಗಿಸಿ ನಿಲ್ಲಿಸಿದ್ದ. ಆಗ ಕಾಕಾ ನನ್ನ ಕಡೆ ತಿರುಗಿದರು.

“ಮೇಡಂ, ಅಲ್ಲಿಂದ ಇಲ್ಲಿಗಿ ಎಷ್ಟೊತ್ತು ಹಿಡೀತದ? ನಿಮಗ ಗೊತ್ತಿರ್ತದ.”

ನಾನು ಫೋನು ತೆಗೆದು ನೋಡಲಿಲ್ಲ. ನೋಡುವ ಅಗತ್ಯವೇನಿತ್ತು?

“ಎಂಟು ತಾಸು ನಲವತ್ತು ನಿಮಿಷ. ಅಲ್ಲಿ ಒಂಬತ್ತಂದ್ರ ಇಲ್ಲಿ ಹನ್ನೆರಡೂವರಿ. ಮುಂಜಾನಿ ಒಂಬತ್ತಕ್ಕ ಹೈದರಾಬಾದ್. ಹೊರಗ ಬರಲಾಕ ಒಂದು ತಾಸು, ತಾಂಡೂರ ಮ್ಯಾಲಿಂದ ಸೇಡಂಗ ನಾಕು ತಾಸು. ಎರಡು ಗಂಟಿಗಿ ಮನಿ ಮುಂದ ಇರ್ತಾನ್ರಿ.”

“ಪಕ್ಕಾ?”

“ಪಕ್ಕಾ.”

ಮೂವತ್ತೈದು ವರ್ಷ ಪಾಠ ಹೇಳಿದ ದನಿಯಲ್ಲಿ ಹೇಳಿದೆ. ಆ ದನಿಗೆ ಯಾರೂ ಎದುರು ಕೇಳುವುದಿಲ್ಲ. ಕಾಕಾ ಚಾಂದ್‌ಗೆ ಕೈ ಮಾಡಿ ಬೇಡ ಎಂದರು. ಗಾಡಿ ಬಂದ್ ಆಯಿತು. ಅವ್ವನನ್ನು ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ನಡುಮನೆಯ ಮೂಲೆಯಲ್ಲಿ ಕೂರಿಸಿದರು.

ಮರುದಿನ ಮುಂಜಾನೆ ಎಂಟಕ್ಕೆ ನನ್ನ ಫೋನು ರಿಂಗಾಯಿತು. ಹೈದರಾಬಾದಿಗೆ ಬಂದೇ ಬಿಟ್ಟನಲ್ಲ, ಒಂದು ತಾಸು ಮೊದಲೇ, ಎಂದು ಖುಷಿಯಾದ ಆ ಒಂದು ಗಳಿಗೆಯನ್ನು ಇಂದಿಗೂ ಮರೆಯಲಾಗಿಲ್ಲ.

“ದುಬೈದಾಗ ಇಳದೀನಿ” ಎಂದ. “ಮುಂದಿನ ವಿಮಾನ ರಾತ್ರಿ ಹತ್ತಕ್ಕ ಅದ. ಅದಕ್ಕಿಂತ ಮೊದಲಿನವು ಎಲ್ಲಾ ಭರ್ತಿ. ನಾಳಿಗಿ ಮುಂಜಾನಿ ಬರ್ತೀನಿ. ಅವ್ವನ್ನ ಪೆಟಗ್ಯಾಗ ಇಟ್ಟಾರಲ್ಲ?”

ನಡುಮನೆಯಲ್ಲಿ ಅವ್ವ ಹೂವಿನ ಮಾಲೆಯೊಳಗೆ ಕೂತಿದ್ದರು. ನೆತ್ತಿಯ ಮೇಲೆ ಫ್ಯಾನು ತಿರುಗುತ್ತಿತ್ತು. ಭುವನೇಶ್ವರಿ ಫೋನು ಇಸಿದುಕೊಂಡು, “ಕುಂದರಿಸೀವಿ ಅಣ್ಣ” ಎಂದಳು.

ಸಂಜೆ ನಾಲ್ಕರವರೆಗೆ ಕಾದರು. ಅದಕ್ಕಿಂತ ಹೆಚ್ಚು ಸಾಧ್ಯವಿರಲಿಲ್ಲ ಎಂದಷ್ಟೇ ಹೇಳುತ್ತೇನೆ. ಹೊಲಕ್ಕೆ ಹೋಗುವಾಗ ನಾನು ಫೋನು ಎತ್ತಿ ಹಿಡಿದು ನಡೆದೆ. ಪರದೆಯಲ್ಲಿ ಅವನು ವಿಮಾನ ನಿಲ್ದಾಣದ ಯಾವುದೋ ಕುರ್ಚಿಯಲ್ಲಿ ಕೂತಿದ್ದ, ಅವನ ಹಿಂದೆ ಜನ ಚಕ್ರದ ಚೀಲ ಎಳೆದುಕೊಂಡು ಓಡಾಡುತ್ತಿದ್ದರು. ಕುಣಿಯ ಹತ್ತಿರ ಹೋಗುವಷ್ಟರಲ್ಲಿ ನೆಟ್‌ವರ್ಕ್ ಹೋಯಿತು. ಒಂದು ಪತ್ರಿ ಎಲೆಯ ಮೇಲೆ ಚಿತ್ರ ನಿಂತುಬಿಟ್ಟಿತು. ಮಣ್ಣು ಹಾಕಿದ್ದನ್ನು ಅವನು ನೋಡಲಿಲ್ಲ.

ಶನಿವಾರ ಮುಂಜಾನೆ ಎಂಟಕ್ಕೆ ಚಾಂದ್ ಅವನನ್ನು ಕರೆತಂದ. ಹೈದರಾಬಾದಿನಿಂದ ಇಲ್ಲಿಯವರೆಗೆ ಒಂದು ಮಾತೂ ಆಡಿಲ್ಲ ಎಂದು ಚಾಂದ್ ಮೆಲ್ಲಗೆ ಹೇಳಿದ. ಹಾಡು ಹಚ್ಚಲು ಮನಸ್ಸಾಗದೆ, ಟ್ಯಾಕ್ಸಿಯ ಟೇಪು ಕೆಟ್ಟಿದೆ ಎಂದು ತಾನೇ ಸುಳ್ಳು ಹೇಳಿದನಂತೆ.

ಮೂವತ್ತಾರು ವರ್ಷದ ನಂತರ ಅವನನ್ನು ಎದುರಿಗೆ ಕಂಡೆ. ಹೆಂಡತಿಯ ಕಾಯಿಲೆ, ಮಗಳ ಓದು, ಕಾರ್ಖಾನೆ, ಇವುಗಳ ನಡುವೆ ಎರಡೇ ಸಲ ಬಂದಿದ್ದ. ಆಗ ನಾನೇ ಊರು ಬಿಟ್ಟು ಶಹಾಬಾದಿನ ತಂಗಿಯ ಮನೆಗೆ ಹೋಗಿ ಕೂತಿದ್ದೆ. ಪರದೆಯಲ್ಲಿ ಕಂಡದ್ದಕ್ಕಿಂತ ಕುಳ್ಳಗಾಗಿದ್ದ. ಖಾಲಿ ನಡುಮನೆಯನ್ನು ನೋಡಿದ, ಗೋಡೆಯ ಮೂಲೆಗೆ ಅಂಟಿದ್ದ ವಿಭೂತಿಯನ್ನು ನೋಡಿದ. ಆಮೇಲೆ ಸಿಡಿದ.

“ಪೆಟಗಿ ತರಸಲಾಕ ಆಗಲಿಲ್ಲೇನು ನಿಮಗ? ಕಲಬುರಗಿ ಎಷ್ಟು ದೂರ ಅದ? ಕಾಕಾ, ನಿಮಗ ಶಾಸ್ತ್ರಾನೇ ದೊಡ್ಡದಾತೇನು? ಭುವನಿ, ನೀ ಆದ್ರೂ ಒಂದ್ ಮಾತು ಹೇಳಬೇಕಿತ್ತಿಲ್ಲ?”

ಕಾಕಾ ತಮ್ಮ ರುಮಾಲು ಬಿಚ್ಚಿ ಮತ್ತೆ ಸುತ್ತಿಕೊಂಡರು. “ಆಗೋದು ಆಗಿ ಹೋತಪ್ಪ” ಎಂದರು.

“ನಮಗ ತಿಳೀಲಿಲ್ಲಣ್ಣ” ಎಂದಳು ಭುವನೇಶ್ವರಿ.

ಬಾಗಿಲ ಬಳಿ ನಾನು ನಿಂತಿದ್ದೆ. ಅವರಿಬ್ಬರಲ್ಲಿ ಒಬ್ಬರೂ ನನ್ನ ಕಡೆ ನೋಡಲಿಲ್ಲ. ನೋಡಿದರೆ ಅವನೂ ನೋಡಿಯಾನು, ಎಂದು ನೋಡಲಿಲ್ಲ. ಅಣ್ಣನ ಬೈಗುಳವನ್ನೆಲ್ಲ ಆ ಹೆಣ್ಣುಮಗಳು ತಲೆ ತಗ್ಗಿಸಿ ತನ್ನ ಮೇಲೆ ಹಾಕಿಕೊಂಡಳು. ಜೂನಿನಲ್ಲಿ ಬಂದು ನನ್ನ ಜೊತೆ ಇರಬೇಕೆಂದು ಅವನು ಕೇಳಿದ ವಿಷಯ ಅವಳಿಗೆ ಗೊತ್ತಿತ್ತು. ನಾನು ಸುಮ್ಮನಿದ್ದರೆ ಎಲ್ಲವೂ ಹಾಗೆಯೇ ಮುಚ್ಚಿಹೋಗುತ್ತಿತ್ತು. ಅವನು ಬರುತ್ತಿದ್ದ, ಇಬ್ಬರೂ ಒಂದು ಮನೆಯಲ್ಲಿ ಇರುತ್ತಿದ್ದೆವು. ತಂಗಿಯ ಮೇಲೆ ಅವನಿಗೊಂದು ಸಿಟ್ಟು ಉಳಿಯುತ್ತಿತ್ತು, ಅಷ್ಟೇ.

ಆ ಅಷ್ಟನ್ನು ಇಟ್ಟುಕೊಂಡು ಅವನ ಜೊತೆ ಬದುಕಲು ನನ್ನಿಂದ ಆಗುತ್ತಿರಲಿಲ್ಲ.

ಭಾನುವಾರ ಮುಂಜಾನೆ ಅವನು ಒಬ್ಬನೇ ಹೊಲಕ್ಕೆ ಹೋದದ್ದು ಕಂಡು ಹಿಂದೆಯೇ ಹೋದೆ. ತೊಗರಿ ಕಟಾವಾಗಿ ಕಪ್ಪು ನೆಲ ಬಿರಿದು ಬಿದ್ದಿತ್ತು. ಹೊಸ ಮಣ್ಣಿನ ಗುಡ್ಡೆಯ ಪಕ್ಕ ಅವನು ಕುಕ್ಕರಗಾಲಲ್ಲಿ ಕೂತಿದ್ದ. ನಾನು ಬಂದದ್ದು ಕಂಡು ಸ್ವಲ್ಪ ಸರಿದು, ಬೇವಿನ ನೆರಳನ್ನು ನನಗೆ ಬಿಟ್ಟುಕೊಟ್ಟ. ಅದು ಇನ್ನೂ ಕಷ್ಟವಾಯಿತು.

“ಸಂಗು, ಪೆಟಗಿ ಬ್ಯಾಡಾಗಿದ್ದು ನನ್ನಿಂದ.”

ಅವನು ತಲೆ ಎತ್ತಿದ.

“ಕಾಕಾ ತರಸ್ತೀನಿ ಅಂದಿದ್ರು. ಚಾಂದ್ ಗಾಡಿ ಚಾಲೂ ಮಾಡಿ ನಿಂತಿದ್ದ. ನೀ ಎರಡು ಗಂಟಿಗಿ ಬರ್ತಿ ಅಂತ ನಾ ಹೇಳಿದೆ. ಪಕ್ಕಾ ಅಂದೆ.”

“ಎರಡು ಗಂಟಿಗಿ ಅಂತ ನಿನಗ ಯಾರ್ ಹೇಳಿದ್ರು?”

“ಯಾರೂ ಹೇಳಿಲ್ಲ. ಲುಸಾಕಾದಿಂದ ಹೈದರಾಬಾದಿಗಿ ಎಂಟು ತಾಸು ನಲವತ್ತು ನಿಮಿಷ ಅಂತ ಮೊಬೈಲ್‌ದಾಗ ಇರ್ತದ.”

“ಅಲ್ಲಿಂದ ಇಲ್ಲಿಗಿ ನೇರ ವಿಮಾನಾನೇ ಇಲ್ಲ, ಲುಂಬಿನಿ.”

“ಹೌದು. ಮೊನ್ನಿ ಸಣ್ಣ ಅಕ್ಷರ ಓದಿದೆ. ಬರೇ ಗೆರಿ ಎಳದು ಲೆಕ್ಕ ಮಾಡಿದ್ದಂತ, ಅಂಥ ವಿಮಾನ ಇರಬೇಕಂತ ಏನಿಲ್ಲಂತ.”

“ನೀ ಭೂಗೋಳ ಕಲಿಸಿದಾಕಿ. ನಡಕ ಇಳೀಬೇಕಾಗ್ತದ ಅಂತ ನಿನಗ ಹೊಳೀಲಿಲ್ಲ?”

ನನ್ನ ವಿದ್ಯಾರ್ಥಿನಿ ಯಾರಾದರೂ ಇಂಥ ತಪ್ಪು ಮಾಡಿದ್ದರೆ ನಾನೂ ಹೀಗೆಯೇ ಕೇಳುತ್ತಿದ್ದೆ.

“ಹೊಳದಿತ್ತೋ ಏನೋ. ತಿಳ್ಕೊಳ್ಳಲಾಕ ಮನಸಿರಲಿಲ್ಲ. ಇಷ್ಟು ವರ್ಷ ಆ ಎಂಟು ತಾಸು ಹಿಡ್ಕೊಂಡೇ ಮಲಗೀನಿ. ನಾ ಮಲಗಿ ಏಳೋದ್ರಾಗ ಬರೋವಷ್ಟು ಹತ್ರ ಅದಾನ ಅಂತ. ಅವ್ವಗೂ ಅದನ್ನೇ ಹೇಳಿದೆ. ಅವ್ವಗೂ ಅದು ಬೇಕಿತ್ತು. ಅವತ್ತು ಕಾಕಾ ಕೇಳಿದಾಗ ಬಾಯಿಗಿ ಬಂದಿದ್ದು ಅದೇ.”

ದೂರದ ರಸ್ತೆಯಲ್ಲಿ ಚಿಂಚೋಳಿ ಬಸ್ಸು ಧೂಳೆಬ್ಬಿಸಿಕೊಂಡು ಹೋಯಿತು.

“ನಾ ಯಾವತ್ತೂ ಎಂಟು ತಾಸು ದೂರ ಇರಲಿಲ್ಲ” ಎಂದ ಕೊನೆಗೆ. “ಒಂದ್ ಸಾರಿ ಬರಬೇಕಂದ್ರ ಎರಡು ದಿನ ಹೋಗ್ತಿತ್ತು. ಅಷ್ಟು ದೂರ ಅದಂತಲೇ ನಾ ಬರ್ತಿರಲಿಲ್ಲ. ನೀವಿಬ್ಬರು ಇಲ್ಲಿ ಕುಂತು ನನ್ನ ಅಷ್ಟು ಹತ್ರ ಇಟ್ಕೊಂಡಿದ್ರಿ.”

ಅಂಗೈಯಿಂದ ಮುಖ ಒರೆಸಿಕೊಂಡ. ನಾನು ಕೈ ಚಾಚಲಿಲ್ಲ. ಚಾಚುವ ಹಕ್ಕು ನನಗೆ ಉಳಿದಿದೆ ಎನ್ನಿಸಲಿಲ್ಲ.

“ಸಿಟ್ಟು ಅದ ನನಗ” ಎಂದ.

“ಇರ್ಲಿ.”

“ಎಷ್ಟು ದಿನ ಇರ್ತದೋ ಗೊತ್ತಿಲ್ಲ.”

“ಇರ್ಲಿ. ಭುವನಿ ಮ್ಯಾಲ ಬ್ಯಾಡ, ಕಾಕಾನ ಮ್ಯಾಲ ಬ್ಯಾಡ. ನನ್ನ ಮ್ಯಾಲೇ ಇರ್ಲಿ.” ಏಳಬೇಕೆಂದು ಮಂಡಿಯ ಮೇಲೆ ಕೈಯೂರಿದೆ. ಎದ್ದು ನಿಂತ ಮೇಲೆ, ಇನ್ನು ಕಳೆದುಕೊಳ್ಳಲು ಏನೂ ಇಲ್ಲ ಎನ್ನಿಸಿದಾಗ, ಮಾತು ತಾನಾಗಿ ಬಂತು. “ಫೆಬ್ರವರಿಯಾಗ ಒಂದು ಕೇಳಿದ್ದಿ. ಹೌದು ಅಂತ ಹೇಳಬೇಕಂತ ಮಾಡಿದ್ದೆ. ಈಗ ಅದರಿಂದ ಏನೂ ಉಪಯೋಗಿಲ್ಲ. ಆದ್ರೂ ನಿನಗ ಗೊತ್ತಿರ್ಲಿ. ನಲವತ್ತು ವರ್ಷದಿಂದ ಹೌದೇ ಇತ್ತು.”

ಅವನು ನನ್ನತ್ತ ನೋಡಲಿಲ್ಲ. ಗುಡ್ಡೆಯ ಮೇಲಿನ ಒಂದು ಹೆಂಟೆಯನ್ನು ತೆಗೆದು ಬೆರಳುಗಳ ನಡುವೆ ಪುಡಿ ಮಾಡತೊಡಗಿದ. ಮಾಡುತ್ತಲೇ ಇದ್ದ. ನಾನು ಬದುವಿನ ಮೇಲೆ ಒಬ್ಬಳೇ ನಡೆದು ಮನೆಗೆ ಬಂದೆ.

ಬಂದು ಬಾಗಿಲು ಮುಂದೆ ಮಾಡಿ ಕೂತೆ. ಸ್ನಾನ ಮಾಡಲಿಲ್ಲ, ಒಲೆ ಹಚ್ಚಲಿಲ್ಲ. ಮಧ್ಯಾಹ್ನವಾಯಿತು. ಕಿಟಕಿಯಿಂದ ಆ ಮನೆಯ ಅಂಗಳ ಕಾಣುತ್ತಿತ್ತು. ಚಿಂಚೋಳಿಯಿಂದ ಬೀಗರು ಬಂದಿದ್ದರು, ತಲೆಯ ಮೇಲೆ ಬುಟ್ಟಿ, ಕೈಯಲ್ಲಿ ಮುಚ್ಚಿದ ಪಾತ್ರೆ. ಸಾವಾದ ಮನೆಯಲ್ಲಿ ಮೂರು ದಿನ ಒಲೆ ಹಚ್ಚುವುದಿಲ್ಲ. ಬೀಗರು ಅಡುಗೆ ಮಾಡಿ ತಂದು ಕೊಡುತ್ತಾರೆ. ಆ ಊಟ ಆ ಮನೆಯವರಿಗೆ ಮಾತ್ರ. ಆಚೀಚೆಯವರು ಬಂದು ಕೂತು ಹೋಗುತ್ತಾರೆ, ಎಷ್ಟೇ ಬೇಕಾದವರಾದರೂ ಅದನ್ನು ಮುಟ್ಟುವುದಿಲ್ಲ, ಅವರಿಗೆ ಬಡಿಸುವುದೂ ಇಲ್ಲ. ಭುವನೇಶ್ವರಿ ತಟ್ಟೆ ಹಾಕುವುದು ಕಂಡಿತು. ಅವನು ಹೊಲದಿಂದ ಬಂದು ಕೈಕಾಲು ತೊಳೆದುಕೊಳ್ಳುವುದೂ ಕಂಡಿತು. ತಂಗಿಯ ಹತ್ತಿರ ನಿಂತು ಏನೋ ಹೇಳಿದ. ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಅವನು ಅವಳ ತಲೆಯ ಮೇಲೆ ಕೈಯಿಟ್ಟ. ಅಷ್ಟಾದರೂ ಆಯಿತಲ್ಲ ಎಂದುಕೊಂಡು ಕಿಟಕಿಯಿಂದ ಸರಿದೆ.

ಸ್ವಲ್ಪ ಹೊತ್ತಿಗೆ ಬಾಗಿಲು ಸರಿದ ಸದ್ದಾಯಿತು.

ಹೊಸ್ತಿಲ ಆಚೆ ಅವನು ನಿಂತಿದ್ದ. ಹೆಗಲ ಮೇಲೆ ಒದ್ದೆ ಟವಲು, ಕಣ್ಣು ಕೆಂಪಗೆ. ಕೈಯಲ್ಲಿ ಒಂದು ಸ್ಟೀಲಿನ ತಟ್ಟೆ, ಮೇಲೊಂದು ತಟ್ಟೆ ಮುಚ್ಚಿತ್ತು. ನನ್ನ ಮುಖ ನೋಡಲಿಲ್ಲ. ಸಿಟ್ಟು ಇನ್ನೂ ಇತ್ತು, ದವಡೆಯಲ್ಲಿ ಕಾಣುತ್ತಿತ್ತು.

ಮೇಲಿನ ತಟ್ಟೆ ತೆಗೆದ. ಎರಡು ಜೋಳದ ರೊಟ್ಟಿ, ಅನ್ನ, ಅದರ ಮೇಲೆ ತೊಗರಿಬೇಳೆ. ಅನ್ನದಿಂದ ಇನ್ನೂ ಹಬೆ ಏಳುತ್ತಿತ್ತು.

ಎರಡೂ ಕೈಯಲ್ಲಿ ಹಿಡಿದು ನನ್ನ ಮುಂದೆ ಚಾಚಿದ. ನಾನೂ ಎರಡೂ ಕೈಯಲ್ಲಿ ತೆಗೆದುಕೊಂಡೆ.